ವಠಾರ: ನಡುಗೋಡೆಯ ಮನೆಗಳಿಗೆ ಕನ್ನಡವಿಟ್ಟ ಹೆಸರು

ಮನೆಗೂ ಮನೆಗೂ ಇರುವ ಸಾಮೀಪ್ಯವನ್ನು ಹೇಳಲು ಕನ್ನಡದಲ್ಲಿ ಮಾತುಗಳಿಗೆ ಬರವಿಲ್ಲ. ನೆರೆಮನೆ, ಪಕ್ಕದ ಮನೆ, ಮಗ್ಗುಲ ಮನೆ, ಒತ್ತಿನ ಮನೆ ಮೊದಲಾದವು ನಮ್ಮ ನಿತ್ಯದ ಬಳಕೆಯಲ್ಲಿವೆ. ಆದರೆ ಇವೆಲ್ಲವೂ ಹತ್ತಿರವನ್ನು ಮಾತ್ರ ಸೂಚಿಸುತ್ತವೆ. ನಡುವೆ ಒಂದು ಬೇಲಿಯಿರಲಿ, ಹಿತ್ತಲಿರಲಿ, ಅಡಕೆಯ ತೋಟವೇ ಇರಲಿ, ಆಚೆಯದು ನೆರೆಮನೆಯೇ. ಒಂದು ಮನೆಯ ಎಡಗೋಡೆಯೇ ಇನ್ನೊಂದು ಮನೆಯ ಬಲಗೋಡೆಯಾಗಿ, ಒಂದೇ ಸೂರಿನ ಕೆಳಗೆ ಹಲವು ಒಲೆಗಳು ಉರಿಯುವ ವಸತಿಯನ್ನು ಹೇಳಬೇಕಾದಾಗ ಹಳೆಯ ಮೈಸೂರು ಸೀಮೆಯವರು ಬೇರೊಂದು ಪದವನ್ನು ಆರಿಸಿಕೊಂಡರು. ಅದು ‘ವಠಾರ’.

ಈ ಆಯ್ಕೆಯಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ವಠಾರದ ಮನೆಗಳ ಮುಖ್ಯ ಲಕ್ಷಣ ನಡುಗೋಡೆ. ಆದರೆ ವಠಾರವೆಂಬ ಪದದೊಳಗೆ ಎಲ್ಲಿಯೂ ಗೋಡೆಯಿಲ್ಲ. ಮನೆಮನೆಗಳನ್ನು ಬೇರ್ಪಡಿಸುವ ವಸ್ತುವನ್ನು ಬಿಟ್ಟು, ಅವೆಲ್ಲವನ್ನೂ ಸುತ್ತುವರಿದ ಆವರಣದ ಹೆಸರಿನಿಂದ ನಾವು ಅವುಗಳನ್ನು ಕರೆದೆವು. ಭಾಷೆಯ ಈ ನಡೆ ಆಕಸ್ಮಿಕವೆಂದು ತೋರಬಹುದು. ಪದದ ಜಾಡನ್ನು ಹಿಡಿದು ಹೊರಟರೆ ಅದರ ಹಿಂದೆ ವಾಸದ ಒಂದು ಚರಿತ್ರೆಯೂ, ನೆರೆಹೊರೆಯ ಒಂದು ಧರ್ಮವೂ ಕಾಣಸಿಗುತ್ತವೆ.

ಮೊದಲು ಬಳಕೆಯನ್ನು ನೋಡೋಣ. ಬೆಂಗಳೂರು, ಮೈಸೂರು, ತುಮಕೂರುಗಳಲ್ಲಿ ‘ನಾವು ವಠಾರದಲ್ಲಿದ್ದೆವು’ ಎಂದರೆ ಕೇಳಿದವರಿಗೆ ಒಂದು ಚಿತ್ರ ಕೂಡಲೇ ಮೂಡುತ್ತದೆ: ಸಾಲಾಗಿ ಕಟ್ಟಿದ ಬಾಡಿಗೆ ಮನೆಗಳು, ಎದುರಿಗೆ ಒಂದೇ ಅಂಗಳ, ಎಲ್ಲರಿಗೂ ಸೇರಿದ ಬಾವಿ ಅಥವಾ ನಲ್ಲಿ, ಬೀದಿಗೆ ಒಂದೇ ಬಾಗಿಲು. ಇದೇ ಪದವನ್ನು ಮಂಗಳೂರಿನಲ್ಲೋ ಉಡುಪಿಯಲ್ಲೋ ಬಳಸಿದರೆ ಚಿತ್ರ ಬೇರೆ. ಕರಾವಳಿಯ ಪತ್ರಿಕೆಗಳಲ್ಲಿ ‘ಶಾಲಾ ವಠಾರ’, ‘ದೇವಸ್ಥಾನದ ವಠಾರ’ ಎಂಬ ಪ್ರಯೋಗ ದಿನವೂ ಕಾಣುತ್ತದೆ. ಅಲ್ಲಿ ವಠಾರವೆಂದರೆ ಒಂದು ಕಟ್ಟಡಕ್ಕೆ ಸೇರಿದ ಸುತ್ತಲಿನ ಆವರಣ. ಅದರಲ್ಲಿ ಬಾಡಿಗೆಯವರಿಲ್ಲ, ನಡುಗೋಡೆಯೂ ಇಲ್ಲ. ಉತ್ತರ ಕರ್ನಾಟಕಕ್ಕೆ ಹೋದರೆ ಮೈಸೂರಿನ ವಠಾರವನ್ನು ಹೋಲುವ ಸಾಲುಮನೆಗಳಿಗೆ ಮರಾಠಿಯಿಂದ ಬಂದ ‘ಚಾಳ’ ಎಂಬ ಹೆಸರಿದೆ. ಒಂದೇ ನಾಡಿನೊಳಗೆ ಒಂದು ಪದಕ್ಕೆ ಎರಡು ಅರ್ಥ, ಒಂದು ವಸ್ತುವಿಗೆ ಎರಡು ಪದ.

ಇವುಗಳಲ್ಲಿ ಕರಾವಳಿಯ ಅರ್ಥವೇ ಮೂಲಕ್ಕೆ ಹತ್ತಿರವಾದುದೆಂಬುದಕ್ಕೆ ನೆರೆಭಾಷೆಗಳು ಸಾಕ್ಷಿ ನುಡಿಯುತ್ತವೆ. ಮರಾಠಿಯಲ್ಲಿ ವಠಾರವೆಂದರೆ ಊರಿನ ಒಂದು ಭಾಗ, ಒಂದು ಕೇರಿ. ತಮಿಳಿನ ‘ವಟ್ಟಾರಂ’ ಒಂದು ಸುತ್ತಿನ ಪ್ರದೇಶವನ್ನು ಹೇಳುತ್ತದೆ. ಪ್ರಾದೇಶಿಕ ಆಡುನುಡಿಯನ್ನು ಅವರು ‘ವಟ್ಟಾರ ವಳಕ್ಕು’ ಎನ್ನುತ್ತಾರೆ. ದುಂಡನ್ನು ಸೂಚಿಸುವ ‘ವಟ್ಟಂ’ ಎಂಬ ಪದ ಅದರ ಮಗ್ಗುಲಲ್ಲೇ ಇದೆ. ಮೂರು ಭಾಷೆಗಳಲ್ಲಿಯೂ ಉಳಿದಿರುವ ಸಮಾನ ಭಾವ ಒಂದೇ: ಒಂದು ಎಲ್ಲೆಯೊಳಗೆ ಬರುವ ನೆಲ. ಇದೇ ಭಾವಕ್ಕೆ ಸೇರಿದ ಇನ್ನೊಂದು ಪದಕುಟುಂಬ ಸಂಸ್ಕೃತದ ‘ವಾಟ’ದ್ದು. ವಾಟವೆಂದರೆ ಬೇಲಿ ಹಾಕಿದ ಜಾಗ. ಪ್ರಾಕೃತದಲ್ಲಿ ಅದು ‘ವಾಡ’ವಾಯಿತು, ಮರಾಠಿಯ ವಾಡಾ, ಉತ್ತರ ಕರ್ನಾಟಕದ ದೇಸಾಯಿ ಮನೆತನಗಳ ವಾಡೆ, ಎಷ್ಟೋ ಊರುಗಳ ಹೆಸರಿನ ಕೊನೆಯಲ್ಲಿ ನಿಂತಿರುವ ‘ವಾಡ’ ಇವೆಲ್ಲ ಆ ಕುಟುಂಬದವು. ಸುತ್ತು ಮೊದಲು, ಮನೆ ಆಮೇಲೆ ಎಂಬುದು ಈ ಪದಗಳೆಲ್ಲದರ ತರ್ಕ.

ಹಾಗಾದರೆ ಆವರಣವೆಂಬ ಅರ್ಥ ಮೈಸೂರು ಸೀಮೆಯಲ್ಲಿ ಮಾತ್ರ ಗೋಡೆ ಹಂಚಿಕೊಂಡ ಮನೆಗಳ ಕಡೆಗೆ ಏಕೆ ಹೊರಳಿತು? ಉತ್ತರ ನೆಲದಲ್ಲಿಯೇ ಇದೆ. ತುಳುನಾಡಿನ ಹಳ್ಳಿಗಳಲ್ಲಿ ಮನೆಗಳು ಬಿಡಿಬಿಡಿ. ಒಂದೊಂದು ಮನೆಯೂ ತನ್ನ ಗದ್ದೆಯ ಅಂಚಿನಲ್ಲಿ, ತನ್ನ ತೋಟದ ನಡುವೆ ನಿಂತಿರುತ್ತದೆ. ಜಡಿಮಳೆಯ ಆ ಸೀಮೆಯಲ್ಲಿ ಇಳಿಜಾರಾದ ಮಾಡು ನಾಲ್ಕೂ ಕಡೆಗೆ ನೀರನ್ನು ಚೆಲ್ಲಬೇಕು. ಮನೆಗೆ ಮನೆ ಅಂಟಿಸಿದರೆ ಆ ನೀರಿಗೆ ದಾರಿಯಿಲ್ಲ. ಬಯಲುಸೀಮೆಯಲ್ಲಿ ಸ್ಥಿತಿ ತಿರುಗುಮುರುಗು. ಅಲ್ಲಿ ಹೊಲಗಳು ಹೊರಗೆ, ಮನೆಗಳೆಲ್ಲ ಊರೊಳಗೆ ಒತ್ತಾಗಿ. ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಒಂದರ ಮೇಲಿಂದ ಇನ್ನೊಂದರ ಮೇಲಕ್ಕೆ ನಡೆದುಹೋಗಬಹುದು. ಎರಡು ಪಕ್ಕದಲ್ಲಿಯೂ ಗೋಡೆ ಪರರದ್ದೂ ಆಗಿರುವುದರಿಂದ ಅಲ್ಲಿ ಕಿಟಕಿ ಇಡುವಂತಿಲ್ಲ. ಬೆಳಕು ಇಳಿಯುವುದು ಸೂರಿನ ಬೆಳಕಿಂಡಿಯಿಂದ. ಬಿಡಿಮನೆಯ ಸೀಮೆಯಲ್ಲಿ ವಠಾರ ಆವರಣವಾಗಿಯೇ ಉಳಿಯಿತು. ಒತ್ತುಮನೆಯ ಸೀಮೆಯಲ್ಲಿ ಆವರಣದೊಳಗೆ ಇದ್ದದ್ದೆಲ್ಲ ಮನೆಗಳೇ ಆದ್ದರಿಂದ ಹೆಸರು ಮನೆಗಳಿಗೆ ಹತ್ತಿತು.

ನಗರಗಳು ಬೆಳೆದಾಗ ಈ ಅರ್ಥ ಇನ್ನಷ್ಟು ಗಟ್ಟಿಯಾಯಿತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಹಳೆಯ ಪೇಟೆಯ ಇಕ್ಕಟ್ಟು ಎಲ್ಲರ ಕಣ್ಣಿಗೆ ಬಿತ್ತು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಆ ಹಿನ್ನೆಲೆಯಲ್ಲಿ ಹುಟ್ಟಿದವು: ಅಗಲವಾದ ಬೀದಿ, ದೊಡ್ಡ ನಿವೇಶನ, ಮನೆಮನೆಗೂ ಗಾಳಿ. ಗೋಡೆ ಹಂಚಿಕೊಳ್ಳದ ಮನೆಯೇ ಆರೋಗ್ಯಕರವೆಂಬುದು ಆ ಕಾಲದ ತಿಳಿವಳಿಕೆ. ಆದರೆ ನಗರಕ್ಕೆ ಓದಲು, ಗುಮಾಸ್ತಿಕೆ ಮಾಡಲು ಬಂದವರಿಗೆಲ್ಲ ದೊಡ್ಡ ನಿವೇಶನ ಕೊಳ್ಳುವ ಶಕ್ತಿ ಎಲ್ಲಿಯದು? ಆ ವಿಶಾಲ ನಿವೇಶನಗಳ ಹಿಂಬದಿಯಲ್ಲಿಯೇ ಬಾಡಿಗೆಯ ವರಮಾನಕ್ಕಾಗಿ ಸಾಲುಮನೆಗಳು ಎದ್ದವು. ಮುಂದೆ ಮಾಲೀಕರ ಮನೆ, ಪಕ್ಕದಲ್ಲಿ ಒಂದು ಓಣಿ, ಹಿಂದೆ ವಠಾರ. ಗೋಡೆಯನ್ನು ದೂರವಿಡಲು ಹುಟ್ಟಿದ ಬಡಾವಣೆಗಳು ಮತ್ತೆ ಗೋಡೆ ಹಂಚಿಕೊಂಡವು.

ವಠಾರದ ಕಟ್ಟಡಕ್ರಮವನ್ನು ಬಲ್ಲವರಿಗೆ ಅದರ ನಡುಗೋಡೆಯ ಸ್ವಭಾವವೂ ತಿಳಿದಿರುತ್ತದೆ. ಉದ್ದಕ್ಕೂ ಒಂದೇ ಮಂಗಳೂರು ಹೆಂಚಿನ ಸೂರು. ಕೆಳಗೆ ಮನೆಗಳನ್ನು ಬೇರ್ಪಡಿಸುವ ಗೋಡೆಗಳು. ಅನೇಕ ಕಡೆ ಆ ಗೋಡೆ ಸೂರಿನವರೆಗೂ ಏರುತ್ತಿರಲಿಲ್ಲ, ಆಳೆತ್ತರಕ್ಕಿಂತ ಸ್ವಲ್ಪ ಮೇಲಕ್ಕೆ ಹೋಗಿ ನಿಂತುಬಿಡುತ್ತಿತ್ತು. ದೃಷ್ಟಿಗೆ ಅದು ತಡೆ. ಒಗ್ಗರಣೆಯ ಘಮಕ್ಕೆ, ಒಲೆಯ ಹೊಗೆಗೆ, ಮಗುವಿನ ಅಳುವಿಗೆ, ಗಂಡ ಹೆಂಡಿರ ಮಾತಿಗೆ ತಡೆಯಲ್ಲ. ಅಲ್ಲಿ ಬದುಕಿದವರು ಕಲಿತ ಮೊದಲ ಪಾಠ ದನಿ ತಗ್ಗಿಸುವುದು. ಎರಡನೆಯ ಪಾಠ ಅದಕ್ಕಿಂತ ಕಷ್ಟದ್ದು: ಕೇಳಿಸಿದ್ದನ್ನು ಕೇಳಿಸದಂತೆ ಇಟ್ಟುಕೊಳ್ಳುವುದು.

ಒಂದೇ ಸೂರಿನಡಿ ಇಷ್ಟು ಮನೆಗಳಿರುವಾಗ ಅವುಗಳನ್ನು ಎಣಿಸುವುದು ಹೇಗೆಂಬ ಪ್ರಶ್ನೆ ಹಳೆಯದು. ಗೋಡೆಯನ್ನು ಎಣಿಸುವಂತಿಲ್ಲ, ಅದು ಇಬ್ಬರದು. ಸೂರನ್ನು ಎಣಿಸುವಂತಿಲ್ಲ, ಅದು ಎಲ್ಲರದು. ಉಳಿಯುವುದು ಬಾಗಿಲು. ಇದಕ್ಕೆ ನಮ್ಮ ಶಾಸನಗಳಲ್ಲಿಯೇ ನಿದರ್ಶನವಿದೆ. 1368ರ ಶ್ರವಣಬೆಳಗೊಳದ ಬುಕ್ಕರಾಯನ ಶಾಸನ ಜೈನರಿಗೂ ಶ್ರೀವೈಷ್ಣವರಿಗೂ ಉಂಟಾದ ವಿವಾದವನ್ನು ಪರಿಹರಿಸಿದ ದಾಖಲೆಯಾಗಿ ಪ್ರಸಿದ್ಧ. ಎರಡು ದರ್ಶನಗಳಲ್ಲಿ ಭೇದವೆಣಿಸಲಾಗದೆಂದು ಸಾರಿ, ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿ ಇರಿಸಿದ ಅರಸನ ನಡೆಯನ್ನು ಎಲ್ಲರೂ ಸ್ಮರಿಸುತ್ತಾರೆ. ಅದರ ಮುಂದಿನ ಏರ್ಪಾಡು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ರಾಜ್ಯದ ಜೈನರು ಬಾಗಿಲ ಲೆಕ್ಕದಲ್ಲಿ ಮನೆಗೆ ವರ್ಷಕ್ಕೊಂದು ಹಣ ಕೊಡಬೇಕು. ತಿರುಮಲೆಯ ತಾತಯ್ಯನು ಅದರಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸಬೇಕು. ಮಿಕ್ಕ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸೊದೆ ಹೊಯ್ಯಿಸಬೇಕು. ಸೊದೆಯೆಂದರೆ ಸುಣ್ಣ. ಬಾಗಿಲುಗಳಿಂದ ಕೂಡಿದ ಹಣ ಗೋಡೆಗಳ ರಕ್ಷಣೆಗೆ ಸಲ್ಲುತ್ತದೆ. ನೆರೆಹೊರೆಯವರ ನಡುವಿನ ಜಗಳವೊಂದು ಸಮಾನ ಗೋಡೆಯ ಆರೈಕೆಯಲ್ಲಿ ಮುಗಿದಿದೆ ಎಂಬುದನ್ನು ನಾವು ಮರೆಯಬಾರದು.

ಜೈನರ ದೇಗುಲಕ್ಕೆ ಇರುವ ಹೆಸರೂ ವಾಸಸ್ಥಾನದ್ದೇ. ‘ಬಸದಿ’ ಸಂಸ್ಕೃತದ ‘ವಸತಿ’ಯ ತದ್ಭವ. ಈ ದೃಷ್ಟಿಯಿಂದ ಬೆಳಗೊಳದ ಚಂದ್ರಗಿರಿಯನ್ನು ನೋಡಿದರೆ ಅದು ವಠಾರದ ಎರಡೂ ಅರ್ಥಗಳನ್ನು ಒಟ್ಟಿಗೆ ಧರಿಸಿ ನಿಂತಂತೆ ಕಾಣುತ್ತದೆ. ಬೆಟ್ಟದ ಮೇಲಿನ ಬಸದಿಗಳಲ್ಲಿ ಹೆಚ್ಚಿನವು ಒಂದೇ ಸುತ್ತುಗೋಡೆಯೊಳಗಿವೆ. ಇದು ಕರಾವಳಿಯ ಅರ್ಥದ ವಠಾರ. ಅವುಗಳಲ್ಲಿ ಗಂಗರಾಜನು ತನ್ನ ತಾಯಿ ಪೋಚವ್ವೆಗಾಗಿ ಕಟ್ಟಿಸಿದ ಕತ್ತಲೆ ಬಸದಿಗೆ ತಾಗಿಕೊಂಡೇ ಪುಟ್ಟ ಚಂದ್ರಗುಪ್ತ ಬಸದಿ ಇದೆ. ಇದು ಮೈಸೂರಿನ ಅರ್ಥದ ವಠಾರ. ಚಂದ್ರಗುಪ್ತ ಬಸದಿಯ ಮುಂಬದಿಯಲ್ಲಿ ನಿಂತಿರುವುದು ಒಂದು ಜಾಲಂಧ್ರ. ಅದರ ಚೌಕಗಳಲ್ಲಿ ಭದ್ರಬಾಹು ಮುನಿಯ ಮತ್ತು ಚಂದ್ರಗುಪ್ತನ ಕಥೆ ಕೆತ್ತಲ್ಪಟ್ಟಿದೆ. ದಾಸೋಜನೆಂಬ ಶಿಲ್ಪಿಯ ಹೆಸರೂ ಅಲ್ಲಿದೆ. ಬೆಳಕನ್ನೂ ಗಾಳಿಯನ್ನೂ ಬಿಡುವ ಆ ಕಲ್ಲಿನ ಗೋಡೆಯ ಮೇಲೆ, ಅರಮನೆಯನ್ನೇ ತೊರೆದು ಬಂದವನ ಕಥೆ.

ಮನೆ ತೊರೆದವನ ಮಾತು ಬಂದುದರಿಂದ ಜೈನಶಾಸ್ತ್ರ ಮನೆಯನ್ನು ಹೇಗೆ ಕಾಣುತ್ತದೆಂಬುದನ್ನೂ ನೋಡಬೇಕು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ವ್ರತಿಗಳನ್ನು ಎರಡಾಗಿ ವಿಂಗಡಿಸುತ್ತದೆ: ಅಗಾರಿ ಮತ್ತು ಅನಗಾರ. ಅಗಾರವೆಂದರೆ ಮನೆ. ಮನೆಯುಳ್ಳವನು ಶ್ರಾವಕ, ಇಲ್ಲದವನು ಮುನಿ. ಕುಲ, ವೃತ್ತಿ, ವಿದ್ಯೆಗಳಾವುವನ್ನೂ ಹಿಡಿಯದೆ ಮನೆಯ ಇರವು ಇಲ್ಲದಿರವುಗಳ ಮೇಲೆ ಮಾಡಿದ ವಿಂಗಡಣೆಯಿದು. ಮನೆಯೆಂದರೆ ಗೋಡೆ, ಗೋಡೆಯೆಂದರೆ ‘ಇದು ನನ್ನದು’ ಎಂಬ ಗೆರೆ. ಪರಿಗ್ರಹದ ಮೊದಲ ಗೆರೆ ಅದೇ.

ಮುನಿಗೆ ಮನೆಯಿಲ್ಲದಿದ್ದರೂ ಗೋಡೆಯ ಸಮಸ್ಯೆ ಇದ್ದೇ ಇತ್ತು. ಶ್ವೇತಾಂಬರ ಆಗಮಗಳಲ್ಲಿ ಒಂದಾದ ಉತ್ತರಾಧ್ಯಯನ ಸೂತ್ರದ 16ನೆಯ ಅಧ್ಯಾಯ ಬ್ರಹ್ಮಚರ್ಯದ ರಕ್ಷಣೆಗೆ ಬೇಕಾದ ನಿಯಮಗಳನ್ನು ಹೇಳುತ್ತದೆ. ಅವುಗಳಲ್ಲೊಂದು ಇದು: ಗೋಡೆಯ ಅಥವಾ ಪರದೆಯ ಆಚೆಯಿಂದ ಬರುವ ಸ್ತ್ರೀಯರ ಹಾಡು, ನಗು, ಅಳುಗಳಿಗೆ ನಿರ್ಗ್ರಂಥನು ಕಿವಿಗೊಡಬಾರದು. ಈ ಬಗೆಯ ನಿಯಮಗಳನ್ನು ಆ ಪರಂಪರೆ ಒಂಬತ್ತು ‘ವಾಡ’ಗಳೆಂದು, ಅಂದರೆ ಒಂಬತ್ತು ಬೇಲಿಗಳೆಂದು ಕರೆದಿದೆ. ನಾವು ಮೇಲೆ ಕಂಡ ವಾಟ, ವಾಡ ಪದವೇ ಇಲ್ಲಿ ಮನಸ್ಸಿನ ಆವರಣವಾಗಿದೆ. ಇಟ್ಟಿಗೆಯ ಗೋಡೆ ದನಿಯನ್ನು ತಡೆಯಲಾರದೆಂದು ಶಾಸ್ತ್ರಕಾರರು ಬಲ್ಲರು. ಆದುದರಿಂದ ಅವರು ಗೋಡೆಯನ್ನು ಎತ್ತರಿಸಿರೆಂದು ಹೇಳಲಿಲ್ಲ, ಕೇಳುವವನೊಳಗೆ ಬೇಲಿ ಹಾಕಿದರು. ವಠಾರದ ಗೃಹಿಣಿ ರೂಢಿಯಿಂದ ಕಲಿತದ್ದು ಮುನಿಗೆ ವ್ರತವಾಗಿ ವಿಧಿಸಲ್ಪಟ್ಟಿತ್ತು.

ದಿಗಂಬರ ಪಾಠದ ತತ್ತ್ವಾರ್ಥಸೂತ್ರ ಅಚೌರ್ಯವ್ರತವನ್ನು ಸ್ಥಿರಗೊಳಿಸುವ ಐದು ಭಾವನೆಗಳನ್ನು ಹೇಳುವಾಗ ಇದಕ್ಕಿಂತ ಸೂಕ್ಷ್ಮವಾದ ಮಾತೊಂದನ್ನು ಆಡುತ್ತದೆ. ಪಾಳು ಮನೆಯಲ್ಲಿ ತಂಗುವುದು, ಪರರು ಬಿಟ್ಟ ಮನೆಯಲ್ಲಿ ತಂಗುವುದು, ಆಮೇಲೆ ‘ಪರೋಪರೋಧಾಕರಣ’, ಎಂದರೆ ಮತ್ತೊಬ್ಬರಿಗೆ ಅಡ್ಡಿಯಾಗದಿರುವುದು, ಭಿಕ್ಷೆಯ ಶುದ್ಧಿ, ಸಹಧರ್ಮಿಗಳೊಡನೆ ಜಗಳವಾಡದಿರುವುದು. ಅಡ್ಡಿಪಡಿಸದಿರುವ ಗುಣವನ್ನು ಅಹಿಂಸೆಯ ಪಟ್ಟಿಯಲ್ಲಿ ನಿರೀಕ್ಷಿಸುತ್ತೇವೆ. ಸೂತ್ರಕಾರರು ಅದನ್ನು ಇರಿಸಿದ್ದು ಅಚೌರ್ಯದಲ್ಲಿ. ಪರರ ತಾವನ್ನು, ಗಾಳಿಯನ್ನು, ನೆಮ್ಮದಿಯನ್ನು ಕುಗ್ಗಿಸುವುದು ಕಳವಿನ ಒಂದು ರೂಪವೆಂದು ಇದರಿಂದ ಗ್ರಹಿಸಬಹುದು. ನೆರೆಯವರು ಮಲಗಿರುವಾಗ ನಡುಗೋಡೆಗೆ ಮೊಳೆ ಹೊಡೆಯುವವನು ಏನನ್ನೂ ಒಡೆದು ಒಯ್ಯುವುದಿಲ್ಲ. ಆದರೂ ಏನನ್ನೋ ಕದ್ದಿರುತ್ತಾನೆ.

ಈ ಸಂದರ್ಭದಲ್ಲಿ ಒಂದು ಪದದ ಯೋಗಾಯೋಗ ನೆನಪಾಗುತ್ತದೆ. ಮರಾಠಿಯಲ್ಲಿ ಇಬ್ಬರಿಗೆ ಸೇರಿದ ಗೋಡೆಯನ್ನು ‘ಸಾಮಾಯಿಕ’ ಗೋಡೆ ಎನ್ನುತ್ತಾರೆ. ಬೆಳಗಾವಿ, ಚಿಕ್ಕೋಡಿ, ನಿಪ್ಪಾಣಿಗಳ ಕಡೆ ಎರಡೂ ಭಾಷೆಗಳನ್ನು ಬಲ್ಲ ಜೈನ ಕುಟುಂಬಗಳು ಬಹಳವಿವೆ. ಅವರ ಕಿವಿಗೆ ಈ ಪದ ಎರಡು ಬಾರಿ ಬೀಳುತ್ತದೆ: ಒಮ್ಮೆ ಆಸ್ತಿಯ ಮಾತಿನಲ್ಲಿ, ಒಮ್ಮೆ ಶ್ರಾವಕನ ಶಿಕ್ಷಾವ್ರತದಲ್ಲಿ. ವ್ರತವಾಚಕವಾದ ಸಾಮಾಯಿಕವನ್ನು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸುತ್ತ ‘ಸಂ’ ಎಂಬುದು ಒಂದಾಗುವಿಕೆಯನ್ನು ಹೇಳುತ್ತದೆ ಎಂದಿದ್ದಾರೆ. ಎರಡು ಪದಗಳ ನಡುವೆ ವ್ಯುತ್ಪತ್ತಿಯ ನಂಟನ್ನು ಎಳೆಯಬೇಕಾಗಿಲ್ಲ. ಬೆಳಗ್ಗೆ ಸಾಮಾಯಿಕಕ್ಕೆ ಕುಳಿತವನು ಸಾಮಾಯಿಕ ಗೋಡೆಗೆ ಬೆನ್ನು ಕೊಟ್ಟು ಕುಳಿತಿರಬಹುದು. ಸಮತ್ವದ ಪರೀಕ್ಷೆ ನಡೆಯುವ ಸ್ಥಳವೂ ಅದೇ ಅಲ್ಲವೇ?

ಇಷ್ಟರಿಂದ ವಠಾರವನ್ನು ಕಳೆದುಹೋದ ಸುವರ್ಣಯುಗವೆಂದು ಬಣ್ಣಿಸಿದರೆ ಚರಿತ್ರೆಗೆ ಅಪಚಾರವಾಗುತ್ತದೆ. ಆವರಣವು ಒಳಗೊಳ್ಳುವಂತೆಯೇ ಹೊರಗಿಡುತ್ತದೆ. ಬೀದಿಬಾಗಿಲು ಒಂದೇ ಆದುದರಿಂದ ಅಲ್ಲಿಯೇ ಕುಲಗೋತ್ರಗಳ ವಿಚಾರಣೆ ನಡೆಯುತ್ತಿತ್ತು. ಬಾವಿ ಎಲ್ಲರದು ಎಂದಾಗ ಆ ‘ಎಲ್ಲರು’ ಯಾರೆಂಬುದನ್ನು ಮೊದಲೇ ಆರಿಸಲಾಗಿರುತ್ತಿತ್ತು. ಗುಜರಾತಿನ ಜೈನರ ನಗರವಾಸದಲ್ಲಿಯೂ ಇದನ್ನೇ ಕಾಣುತ್ತೇವೆ. ಅಹಮದಾಬಾದಿನ ‘ಪೋಳ್’ಗಳಲ್ಲಿ ಮನೆಗಳು ಪಕ್ಕದ ಗೋಡೆಗಳನ್ನು ಹಂಚಿಕೊಂಡು ಇಕ್ಕಟ್ಟಾದ ಓಣಿಯ ಇಕ್ಕೆಲಗಳಲ್ಲಿ ನಿಂತಿವೆ, ನಡುವೆ ಜಿನಮಂದಿರ, ಹಕ್ಕಿಗಳಿಗೆ ಕಾಳಿಡುವ ಚಬೂತರೋ. ಆ ಹಳೆಯ ನಗರ 2017ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಪೋಳ್ ಎಂಬ ಪದದ ಮೂಲ ಸಂಸ್ಕೃತದ ‘ಪ್ರತೋಲೀ’, ಅಂದರೆ ಹೆಬ್ಬಾಗಿಲು. ನಾವು ಸುತ್ತನ್ನು ಹೆಸರಿಸಿದರೆ ಅವರು ಬಾಗಿಲನ್ನು ಹೆಸರಿಸಿದರು. ಬಾಗಿಲು ತೆರೆಯಲಿಕ್ಕೂ ಹೌದು, ಮುಚ್ಚಲಿಕ್ಕೂ ಹೌದು. ಹಕ್ಕಿಗೆ ಕಾಳಿಟ್ಟವರು ಬಾಗಿಲಲ್ಲಿ ನಿಂತ ಮನುಷ್ಯನ ಜಾತಿ ಕೇಳಿದರೆ ಅದು ಧರ್ಮಕ್ಕೆ ಒಪ್ಪುವುದೇ ಎಂಬ ಪ್ರಶ್ನೆಯನ್ನು ಜೈನರಾದ ನಾವೂ ಕೇಳಿಕೊಳ್ಳಬೇಕು. ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಬಾಡಿಗೆ ಫಲಕಗಳು ಇಂದಿಗೂ ನಮ್ಮ ಬೀದಿಗಳಲ್ಲಿ ತೂಗುತ್ತಿವೆ.

ಈಗ ವಠಾರಗಳು ಒಂದೊಂದಾಗಿ ಉರುಳುತ್ತಿವೆ. ಆ ನೆಲದಲ್ಲಿ ಏಳುತ್ತಿರುವ ಬಹುಮಹಡಿ ಕಟ್ಟಡಗಳಲ್ಲಿ ಹಂಚಿಕೊಂಡ ಗೋಡೆಗಳು ಕಡಿಮೆಯಾಗಿಲ್ಲ, ಹೆಚ್ಚಾಗಿವೆ. ವಠಾರದವನಿಗೆ ಎಡಬಲದ ನೆರೆ ಮಾತ್ರವಿತ್ತು. ಈಗಿನವನಿಗೆ ನೆಲವೂ ಕೆಳಗಿನವರ ಸೂರು, ಸೂರೂ ಮೇಲಿನವರ ನೆಲ. ಆದರೆ ನಾವು ಅದಕ್ಕೆ ತಂದುಕೊಂಡ ಹೆಸರು ‘ಅಪಾರ್ಟ್‌ಮೆಂಟ್’. ಆ ಪದದ ಮೂಲದಲ್ಲಿರುವುದು ಬೇರ್ಪಡಿಸುವಿಕೆಯ ಅರ್ಥ. ಕಟ್ಟಡದಲ್ಲಿ ಹೆಚ್ಚು ಕೂಡಿಕೊಂಡಿದ್ದೇವೆ, ಪದದಲ್ಲಿ ದೂರವಾಗಿದ್ದೇವೆ. ಬಾಡಿಗೆಯ ಸಾಲುಮನೆಗಳು ಇಲ್ಲವಾದಂತೆ ಮೈಸೂರು ಸೀಮೆಯ ಅರ್ಥವೂ ಮಾಸಬಹುದು. ಕರಾವಳಿಯ ಅರ್ಥವೊಂದೇ ಉಳಿದು, ವಠಾರವೆಂದರೆ ಕಚೇರಿಯ ಸುತ್ತಲಿನ ಖಾಲಿ ನೆಲವೆಂದಷ್ಟೇ ಮುಂದಿನವರು ತಿಳಿಯಬಹುದು. ಪದವು ತನ್ನ ಮೂಲಾರ್ಥಕ್ಕೆ ಮರಳಿತೆಂದು ನಿಘಂಟುಕಾರರು ಸಮಾಧಾನಪಡಬಹುದೇನೋ. ಆದರೆ ಗೋಡೆಗೆ ಬೇರೆಯವರ ಬೆನ್ನೂ ಆನಿಕೊಂಡಿದೆಯೆಂಬ ಎಚ್ಚರದಿಂದ ನಡೆಯುವ ಸಂಯಮಕ್ಕೆ ಕನ್ನಡದಲ್ಲಿ ಒಂದು ಮನೆಮಾತಿನ ಹೆಸರಿತ್ತು. ಪದವು ಆವರಣಕ್ಕೆ ಮರಳಿದರೂ ಆ ಸಂಯಮವನ್ನು ನಾವು ಬಿಟ್ಟುಕೊಡಲಾಗದು. ಹೊಸ ಮನೆಗಳ ತೆಳುವಾದ ಗೋಡೆಗಳು ಅದನ್ನು ಹಿಂದಿಗಿಂತ ಹೆಚ್ಚಾಗಿಯೇ ಬೇಡುತ್ತಿವೆ.